ಮಲೆನಾಡಿನ ಸರ್ವರ್ ಕೋಣೆ: ಕರೆಂಟು ಉಳಿಸುವುದು ಹೇಗೆ?

ಜುಲೈ ತಿಂಗಳ ಚಿಕ್ಕಮಗಳೂರು. ಹೊರಗೆ ಜಡಿಮಳೆ, 20 ಡಿಗ್ರಿ. ಸರ್ಕಾರಿ ಕಚೇರಿಯ ಸರ್ವರ್ ಕೋಣೆಯೊಳಗೆ ಎರಡು ಎಸಿಗಳು 18ಕ್ಕೆ ಇಟ್ಟು ಹಗಲೂ ರಾತ್ರಿ ಓಡುತ್ತಿರುತ್ತವೆ. ‘ಹೊರಗೇ ಇಷ್ಟು ತಂಪಿದೆಯಲ್ಲ, ಕಿಟಕಿ ತೆಗೆದಿಟ್ಟರೆ ಆಗದಾ?’ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆಗುವುದಿಲ್ಲ. ಕಿಟಕಿಯ ವಿಚಾರಕ್ಕೆ ಆಮೇಲೆ ಬರೋಣ, ಮೊದಲು ಅಳತೆ.

ಮೀಟರ್ ಹಾಕಿ

ಇಡೀ ಕಚೇರಿಯ ಬಿಲ್ ನೋಡಿದರೆ ಏನೂ ತಿಳಿಯದು. ಸರ್ವರ್ ಕೋಣೆಗೆ ಬರುವ ಲೈನಿಗೆ ಪ್ರತ್ಯೇಕ ಸಬ್‌ಮೀಟರ್ ಹಾಕಿಸಿ. ಬರೀ ಕ್ಲ್ಯಾಂಪ್ ಮೀಟರ್ ಆಂಪಿಯರ್ ತೋರಿಸುತ್ತದೆ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ತೋರಿಸುವುದಿಲ್ಲ, ಕಿಲೋವ್ಯಾಟ್ ಬೇಕು. ಸರ್ವರ್‌ಗಳ ಲೋಡ್ ಯುಪಿಎಸ್‌ನ ಔಟ್‌ಪುಟ್ ಡಿಸ್‌ಪ್ಲೇಯಲ್ಲಿ ಸಿಗುತ್ತದೆ. ಒಂದು ವಾರ ಬೆಳಿಗ್ಗೆ 11ಕ್ಕೆ, ರಾತ್ರಿ 11ಕ್ಕೆ ಎರಡನ್ನೂ ಬರೆದಿಡಿ. ಕೋಣೆಯ ಒಟ್ಟು ಬಳಕೆ 8 ಕಿಲೋವ್ಯಾಟ್, ಸರ್ವರ್‌ಗಳದ್ದು 4 ಇದ್ದರೆ ಅನುಪಾತ 2. ಇದನ್ನೇ ಪಿಯುಇ (ಪವರ್ ಯೂಸೇಜ್ ಎಫೆಕ್ಟಿವ್‌ನೆಸ್) ಎನ್ನುವುದು. ಸರ್ವರ್ ಒಂದು ಯೂನಿಟ್ ಉಂಡರೆ ಎಸಿ, ಯುಪಿಎಸ್, ದೀಪ ಸೇರಿ ಇನ್ನೊಂದು ಯೂನಿಟ್ ನುಂಗುತ್ತಿವೆ ಎಂದರ್ಥ.

ಸುಮ್ಮನೆ ಕೂತವನ್ನು ಹುಡುಕಿ

ಹಳೆಯ ತಂತ್ರಾಂಶ ಹೋಗಿ ವರ್ಷಗಳಾದರೂ ಅದರ ಸರ್ವರ್ ಮಾತ್ರ ಉರಿಯುತ್ತಿರುತ್ತದೆ. 200 ವ್ಯಾಟ್ ಎಳೆಯುವ ಒಂದು ಪೆಟ್ಟಿಗೆ ವರ್ಷಕ್ಕೆ 1,752 ಯೂನಿಟ್ ತಿನ್ನುತ್ತದೆ, ಅದರ ಬಿಸಿ ತೆಗೆಯುವ ಎಸಿಯ ಖರ್ಚು ಬೇರೆ. ಮೂವತ್ತು ದಿನದ ಸಿಪಿಯು, ನೆಟ್‌ವರ್ಕ್ ದಾಖಲೆ ನೋಡಿ. ತಿಂಗಳ ಕೊನೆಗೆ ಮಾತ್ರ ಎಚ್ಚರಾಗುವ ಸಂಬಳ ಬಿಲ್ಲಿನಂಥ ಕೆಲಸಗಳಿರುತ್ತವೆ, ಒಂದು ವಾರದ ಲೆಕ್ಕ ಸಾಲದು. ಸಂಬಂಧಪಟ್ಟ ಶಾಖೆಯಿಂದ ಲಿಖಿತ ಒಪ್ಪಿಗೆ ಪಡೆದು, ಬ್ಯಾಕಪ್ ಮಾಡಿ, ಮೊದಲು ನೆಟ್‌ವರ್ಕ್ ಕೇಬಲ್ ಮಾತ್ರ ಕಳಚಿ. ಹದಿನೈದು ದಿನ ಯಾರೂ ಕೂಗಾಡದಿದ್ದರೆ ಸ್ವಿಚ್ ಆಫ್. ಸಣ್ಣಪುಟ್ಟ ತಂತ್ರಾಂಶಗಳನ್ನು ವರ್ಚುವಲ್ ಯಂತ್ರಗಳಾಗಿ, ಅಂದರೆ ಒಂದು ಪೆಟ್ಟಿಗೆಯೊಳಗೇ ಓಡುವ ಹಲವು ತಂತ್ರಾಂಶ ಕಂಪ್ಯೂಟರ್‌ಗಳಾಗಿ, ಒಂದೇ ಸರ್ವರಿಗೆ ಸೇರಿಸಬಹುದು. ಬೆಂಗಳೂರಿನ ರಾಜ್ಯ ಡೇಟಾ ಸೆಂಟರಿಗೆ ಕಳಿಸಲು ಸಾಧ್ಯವಿದ್ದರೆ ಇನ್ನೂ ಒಳ್ಳೆಯದು.

ಇಲ್ಲೊಂದು ತಮಾಷೆ ಇದೆ. ಸರ್ವರ್ ಲೋಡ್ 4ರಿಂದ 3.5ಕ್ಕೆ, ಒಟ್ಟು 8ರಿಂದ 7.2ಕ್ಕೆ ಇಳಿದರೆ ತಿಂಗಳಿಗೆ 576 ಯೂನಿಟ್ ಉಳಿತಾಯ. ಆದರೆ ಪಿಯುಇ 2ರಿಂದ 2.06ಕ್ಕೆ ಏರುತ್ತದೆ! ವರದಿಯಲ್ಲಿ ಪಿಯುಇ ಒಂದನ್ನೇ ಕೇಳುವ ಮೇಲಧಿಕಾರಿಗೆ ಯೂನಿಟ್ ಲೆಕ್ಕವನ್ನೂ ಲಗತ್ತಿಸಿ.

ಗಾಳಿಯ ದಾರಿ

ನಿಜವಾದ ಕೆಲಸ ಇರುವುದು ಇಲ್ಲಿ. ಸರ್ವರ್ ಮುಂಭಾಗದಿಂದ ಉಸಿರು ಎಳೆದು ಹಿಂಭಾಗದಿಂದ ಬಿಡುತ್ತದೆ. ಬಿಟ್ಟ ಬಿಸಿಗಾಳಿ ಸುತ್ತಿ ಮತ್ತೆ ಮುಂದಕ್ಕೆ ಬಂದರೆ ಎಸಿಯನ್ನು ಎಷ್ಟು ತಗ್ಗಿಸಿದರೂ ಅಷ್ಟೇ. ಒಂದು ಟಿಶ್ಯೂ ಕಾಗದವನ್ನು ಸಣ್ಣಗೆ ಸೀಳಿ, ಸರ್ವರ್‌ಗಳನ್ನು ಒಂದರ ಮೇಲೊಂದು ಕೂರಿಸಿದ ಕಬ್ಬಿಣದ ಚೌಕಟ್ಟು ಅಂದರೆ ರ‍್ಯಾಕಿನ ಖಾಲಿ ಜಾಗದ ಮುಂದೆ ಹಿಡಿಯಿರಿ. ಎಳೆ ನಿಮ್ಮ ಕಡೆಗೆ ಹಾರಿದರೆ ಹಿಂದಿನ ಬಿಸಿ ಅಲ್ಲಿಂದ ನುಸುಳುತ್ತಿದೆ. (ಊದುಬತ್ತಿ ಹಚ್ಚಿ ನೋಡಲು ಹೋಗಬೇಡಿ, ಹೊಗೆ ಪತ್ತೆ ಯಂತ್ರ ಕೂಗಿ ಅಗ್ನಿಶಾಮಕ ಗ್ಯಾಸ್ ಬಿಟ್ಟೀತು.) ಇಂಥ ಖಾಲಿ ಜಾಗಗಳಿಗೆಲ್ಲ ಪ್ಲಾಸ್ಟಿಕ್ ಬ್ಲ್ಯಾಂಕಿಂಗ್ ಪ್ಯಾನೆಲ್ (ಮುಚ್ಚುಹಲಗೆ) ಒತ್ತಿ ಕೂರಿಸಿ. ರಟ್ಟು ಬೇಡ, ಮಳೆಗಾಲದ ತೇವಕ್ಕೆ ಬಾಗುತ್ತದೆ, ಬೆಂಕಿಗೂ ಮೇವು.

ರ‍್ಯಾಕಿನ ಮುಂದೆ ಗಾಜಿನ ಬಾಗಿಲಿದ್ದರೆ ತೆಗೆದು ಜಾಲರಿ ಬಾಗಿಲು ಹಾಕಿಸಿ. ಗಾಜು ಕಣ್ಣಿಗೆ ಚೆಂದ, ಸರ್ವರಿಗೆ ಉಸಿರುಕಟ್ಟು. ಇನ್ನೂ ಒಂದು ನೋಡಿ: ಕೇಬಲ್ ಸುಲಭವಾಗಲೆಂದು ಕೆಲವೆಡೆ ನೆಟ್‌ವರ್ಕ್ ಸ್ವಿಚ್‌ಗಳನ್ನು ತಿರುಗಿಸಿ ಕೂರಿಸಿರುತ್ತಾರೆ. ಅವು ಬಿಸಿಗಾಳಿಯನ್ನು ನೇರ ಪಕ್ಕದ ಸರ್ವರಿನ ಮೂಗಿಗೇ ಊದುತ್ತವೆ.

ಡಿಗ್ರಿ ಏರಿಸಿ, ಮೆಲ್ಲಗೆ

ಗಾಳಿ ಸರಿಯಾದ ಮೇಲೆಯೇ ಈ ಹೆಜ್ಜೆ. ಆಶ್ರೇ (ASHRAE, ಹವಾನಿಯಂತ್ರಣ ಎಂಜಿನಿಯರ್‌ಗಳ ಅಮೆರಿಕದ ಸಂಸ್ಥೆ) ಮಾರ್ಗಸೂಚಿಯಂತೆ ಸರ್ವರ್ ಒಳಗೆಳೆಯುವ ಗಾಳಿ 18ರಿಂದ 27 ಡಿಗ್ರಿ ಇರಬಹುದು. ರಿಮೋಟಿನ ಅಂಕಿಯನ್ನು ನಂಬಬೇಡಿ. ರ‍್ಯಾಕಿನ ಮುಂಭಾಗದಲ್ಲಿ ಕೆಳಗೆ, ನಡುವೆ, ಮೇಲೆ ಮೂರು ಥರ್ಮಾಮೀಟರ್ ಅಂಟಿಸಿ. ಮೇಲಿನದೇ ಹೆಚ್ಚು ಬಿಸಿ ತೋರಿಸುವುದು ಸಾಮಾನ್ಯ. ಮೂರು ದಿನಕ್ಕೊಂದು ಡಿಗ್ರಿಯಂತೆ ಏರಿಸುತ್ತ, ಮೇಲಿನ ಥರ್ಮಾಮೀಟರ್ 25 ಮುಟ್ಟಿದಾಗ ನಿಲ್ಲಿಸಿ. 27 ದಾಟಿಸಿದರೆ ಸರ್ವರಿನ ಫ್ಯಾನುಗಳೇ ಜೋರಾಗಿ ತಿರುಗಿ ಉಳಿಸಿದ್ದನ್ನು ತಿನ್ನುತ್ತವೆ.

ಸರ್ವರ್‌ಗಳು ಉಂಡ 4 ಕಿಲೋವ್ಯಾಟ್ ಕೊನೆಗೆ ಬಿಸಿಯೇ ಆಗುತ್ತದೆ. 4 ಕಿಲೋವ್ಯಾಟ್ ಬಿಸಿ ಎಂದರೆ ಎಸಿ ಅಳೆಯುವ ಲೆಕ್ಕದಲ್ಲಿ 1.14 ಟನ್. ಎರಡು ಟನ್ನಿನ ಒಂದು ಎಸಿ ಸಾಕು, ಎರಡನೆಯದು ಸರದಿಗಿರಲಿ. ಟೈಮರ್ ಹಾಕಿ ದಿನ ಬಿಟ್ಟು ದಿನ ಓಡಿಸಿ. ಒಂದು ಕೆಟ್ಟರೆ ಇನ್ನೊಂದು ತಾನೇ ಶುರುವಾಗುವಂತೆ ಉಷ್ಣಾಂಶದ ಅಲಾರಂ ಜೋಡಿಸುವುದನ್ನು ಮರೆತೀರಿ, ಜೋಕೆ.

ಈಗ ಕಿಟಕಿ

ಮಳೆಗಾಲದ 20 ಡಿಗ್ರಿಯ ಗಾಳಿಯಲ್ಲಿ ತೇವ 95 ಶೇಕಡಾ ಇದ್ದರೆ ಅದರ ಇಬ್ಬನಿ ಬಿಂದು (ಗಾಳಿಯ ತೇವ ನೀರಹನಿಯಾಗತೊಡಗುವ ಉಷ್ಣಾಂಶ) 19ರ ಹತ್ತಿರ. ಮಾರ್ಗಸೂಚಿ ಒಪ್ಪುವುದು 15ರವರೆಗೆ. ಆ ಗಾಳಿ ಒಳಗೆ ಬಂದು 25ಕ್ಕೆ ಬೆಚ್ಚಗಾದರೂ ತೇವ 70 ಶೇಕಡಾ ಉಳಿಯುತ್ತದೆ. ಸರ್ಕ್ಯೂಟ್ ಬೋರ್ಡಿಗೆ ತುಕ್ಕು. ಅಷ್ಟೇ ಅಲ್ಲ, ಎಸಿ ಆ ನೀರನ್ನು ಹಿಂಡಿ ತೆಗೆಯಲು ಕರೆಂಟು ಸುಡುತ್ತದೆ. ಸರ್ವರ್ ಬೆವರುವುದಿಲ್ಲ, ಬೇಸಿಗೆ ಮಳೆಗಾಲ ಎನ್ನದೆ ಎಸಿಯ ಪೈಪಿನಿಂದ ನೀರು ಧಾರೆಯಾಗಿ ಸುರಿಯುತ್ತಿದ್ದರೆ ಹೊರಗಿನ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ ಎಂದು ತಿಳಿಯಿರಿ. ಬಾಗಿಲಿಗೆ ಡೋರ್ ಕ್ಲೋಸರ್, ಕೆಳಗೆ ರಬ್ಬರ್ ಪಟ್ಟಿ, ಕೇಬಲ್ ತೂತಿಗೆ ಬೆಂಕಿ ನಿರೋಧಕ ಸೀಲಂಟ್.

ಡಿಸೆಂಬರ್, ಜನವರಿಯ ರಾತ್ರಿ ಕಥೆ ಬೇರೆ: 15 ಡಿಗ್ರಿ, ತೇವ 75 ಶೇಕಡಾ ಇದ್ದರೆ ಇಬ್ಬನಿ ಬಿಂದು 11ರ ಒಳಗೆ. ಧೂಳು ತಡೆಯುವ ಫಿಲ್ಟರ್ ಇರುವ ಫ್ಯಾನಿನಿಂದ ಹೊರಗಿನ ಗಾಳಿ ತರಬಹುದು. ಆದರೆ ಇಬ್ಬನಿ ಬಿಂದು 15 ದಾಟಿದರೆ ತಾನೇ ಮುಚ್ಚಿಕೊಳ್ಳುವ ಡ್ಯಾಂಪರ್ (ಗಾಳಿಯ ದಾರಿಯ ಬಾಗಿಲು) ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಹಾಸನದ ಕಡೆಯ ಒಣ ತಿಂಗಳುಗಳಿಗೂ ಇದೇ ಲೆಕ್ಕ.

ಯುಪಿಎಸ್

20 ಕೆವಿಎ ಸಾಮರ್ಥ್ಯದ ಯುಪಿಎಸ್‌ಗೆ 4 ಕಿಲೋವ್ಯಾಟ್ ಲೋಡ್ ಎಂದರೆ ಸುಮಾರು ಐದರಲ್ಲೊಂದು ಪಾಲು. ಹಳೆಯ ಯಂತ್ರಗಳ ದಕ್ಷತೆ ಇಷ್ಟು ಕಡಿಮೆ ಲೋಡಿನಲ್ಲಿ ಬಿದ್ದುಹೋಗುತ್ತದೆ. ಬದಲಿಸುವಾಗ ಬೇಕಾದಷ್ಟೇ ಸೇರಿಸಿಕೊಳ್ಳಬಹುದಾದ ಮಾಡ್ಯುಲರ್ ಮಾದರಿ ಕೇಳಿ. ಎಕೋ ಮೋಡ್ (ಲೈನಿನ ಕರೆಂಟನ್ನೇ ನೇರ ಸರ್ವರಿಗೆ ಬಿಡುವ ವ್ಯವಸ್ಥೆ) ಕರೆಂಟು ಉಳಿಸುವುದು ಹೌದು, ಆದರೆ ಮರ ಬಿದ್ದು ಲೈನ್ ಪದೇ ಪದೇ ಹೋಗುವ ಜೂನ್–ಸೆಪ್ಟೆಂಬರಿನಲ್ಲಿ ಬೇಡ. ಬ್ಯಾಟರಿಗಳನ್ನು ಬೇರೆ ಕೋಣೆಗೆ ಸಾಗಿಸಿ: ಸೀಸದ ಬ್ಯಾಟರಿಗೆ 25 ಡಿಗ್ರಿಯ ಆಸುಪಾಸೇ ಹಿತ, ಅದಕ್ಕಿಂತ ಹತ್ತು ಡಿಗ್ರಿ ಹೆಚ್ಚಾದರೆ ಆಯುಸ್ಸು ಸುಮಾರು ಅರ್ಧ.

ಎಲ್ಲ ಮುಗಿದ ಮೇಲೆ ಮೆಸ್ಕಾಂ ಬಿಲ್ ಹಿಡಿದು ಲೆಕ್ಕ ಹಾಕಲು ಕೂರಬೇಡಿ. ಇಡೀ ಕಚೇರಿಯ ಗೀಸರ್, ಪಂಪು ಎಲ್ಲ ಅದರಲ್ಲಿರುತ್ತವೆ. ಸಬ್‌ಮೀಟರಿನ ಈ ಜುಲೈಯನ್ನು ಮುಂದಿನ ಜುಲೈ ಜೊತೆ ಹೋಲಿಸಿ.