ಇಟ್ಟಿಗೆ ಹಾಸಿನ ಮೇಲಿನ ಸಿಮೆಂಟ್ ಕಲೆ ತೆಗೆಯುವುದು ಹೇಗೆ?

ಮನೆ ಕೆಲಸ ಮುಗಿದು ಗಾರೆಯವರು ಹೋದ ಮೇಲೆ ಅಂಗಳದ ಇಟ್ಟಿಗೆ ಹಾಸಿನ ಮೇಲೆ ಸಿಮೆಂಟ್ ಹನಿ, ಗಾರೆ ಮುದ್ದೆ ಹಾಗೇ ಉಳಿಯುತ್ತವೆ. ಕೆಲಸ ನಡೆಯುವಾಗಲೇ ಒಂದು ಟಾರ್ಪಾಲ್ ಹಾಸಿದ್ದರೆ ಈ ಪಾಡು ಇರುತ್ತಿರಲಿಲ್ಲ, ಅಲ್ವಾ? ಸರಿ, ಈಗ ತೆಗೆಯೋಣ. ಆದರೆ ಅಂಗಡಿಗೆ ಹೋಗಿ ಆಸಿಡ್ ತರುವ ಆತುರ ಬೇಡ.

ಮೊದಲು ಗಾರೆ ಮುದ್ದೆಗಳನ್ನು ಒಂದು ವಾರ ಗಟ್ಟಿಯಾಗಲು ಬಿಡಿ. ಹಸಿಯಿರುವಾಗ ಉಜ್ಜಿದರೆ ಕಲೆ ಇನ್ನಷ್ಟು ಹರಡುತ್ತದೆ. ಆಮೇಲೆ ಉಳಿಯನ್ನು ಹಾಸಿನ ಮೇಲೆ ಆದಷ್ಟು ಓರೆಯಾಗಿ ಹಿಡಿದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ದೊಡ್ಡ ಚೂರುಗಳು ಎದ್ದು ಬರುತ್ತವೆ. ತೆಳುವಾಗಿ ಮೆತ್ತಿಕೊಂಡಿದ್ದನ್ನು ಅದೇ ಬಣ್ಣದ ಇಟ್ಟಿಗೆ ಚೂರಿನಿಂದ ಉಜ್ಜಿ. ತಂತಿ ಬ್ರಷ್ ಬೇಡ. ಅದರ ಕಬ್ಬಿಣದ ಪುಡಿ ಉಳಿದು ತುಕ್ಕಿನ ಕಲೆಯಾಗುತ್ತದೆ. ಬಹಳಷ್ಟು ಅಂಗಳಗಳಿಗೆ ಇಷ್ಟೇ ಸಾಕು.

ಇನ್ನೂ ಬೂದು ಪೊರೆ ಉಳಿದರೆ ಮಾತ್ರ ಆಸಿಡ್. ಅದಕ್ಕೂ ಮೊದಲು ಹಾಸು ಯಾವುದು ಅಂತ ನೋಡಿ. ಸುಟ್ಟ ಮಣ್ಣಿನ ಇಟ್ಟಿಗೆ ತಡೆದುಕೊಳ್ಳುತ್ತದೆ. ಸಿಮೆಂಟಿನ ಇಂಟರ್‌ಲಾಕ್ ಪೇವರ್‌ನ ಮೇಲ್ಮೈಯನ್ನೇ ಆಸಿಡ್ ತಿಂದುಬಿಡುತ್ತದೆ. ಪಕ್ಕದಲ್ಲಿ ಕಡಪ ಕಲ್ಲು, ಶಹಾಬಾದ್ ಕಲ್ಲು ಇದ್ದರೂ ಹುಷಾರು, ಇವೆರಡೂ ಸುಣ್ಣದ ಕಲ್ಲು. ಅನುಮಾನವಿದ್ದರೆ ಮೂಲೆಯಲ್ಲಿ ಒಂದು ಹನಿ ಹಾಕಿ. ಇಟ್ಟಿಗೆಯೇ ನೊರೆ ಎದ್ದರೆ ಅಲ್ಲಿಗೇ ಬಿಡಿ.

ಪ್ಲಾಸ್ಟಿಕ್ ಬಕೆಟ್‌ಗೆ 10 ಲೋಟ ನೀರು ಹಾಕಿ, ಅದಕ್ಕೆ 1 ಲೋಟ ಹೈಡ್ರೋಕ್ಲೋರಿಕ್ ಆಸಿಡ್ ನಿಧಾನವಾಗಿ ಸುರಿಯಿರಿ. ಆಸಿಡ್‌ಗೆ ನೀರು ಸುರಿಯಬೇಡಿ, ಅದು ಸಿಡಿಯುತ್ತದೆ. ರಬ್ಬರ್ ಕೈಗವಸು, ಕನ್ನಡಕ ಬೇಕೇ ಬೇಕು. ಬ್ಲೀಚಿಂಗ್ ಪೌಡರ್ ಹತ್ತಿರವೂ ಬರಬಾರದು. ಎರಡೂ ಸೇರಿದರೆ ವಿಷದ ಕ್ಲೋರಿನ್ ಗಾಳಿ ಏಳುತ್ತದೆ.

ಹಾಸನ್ನು ಮೊದಲು ಚೆನ್ನಾಗಿ ನೆನೆಸಿ. ಒಣ ಇಟ್ಟಿಗೆ ಆಸಿಡನ್ನು ಒಳಗೆ ಹೀರಿಕೊಳ್ಳುತ್ತದೆ. ಸಣ್ಣ ಜಾಗಕ್ಕೆ ಮಾತ್ರ ಹಚ್ಚಿ, ನೊರೆ ಬಂದ ಕೆಲವೇ ನಿಮಿಷಕ್ಕೆ ಪ್ಲಾಸ್ಟಿಕ್ ಬ್ರಷ್‌ನಿಂದ ಉಜ್ಜಿ, ಒಣಗುವ ಮೊದಲೇ ಧಾರಾಳ ನೀರಿನಿಂದ ತೊಳೆಯಿರಿ. ಕೊನೆಗೆ ಸೋಡಾ ಪುಡಿ ಬೆರೆಸಿದ ನೀರು ಹಾಕಿ ಮತ್ತೊಮ್ಮೆ ತೊಳೆಯಿರಿ. ಗಿಡಗಳ ಕಡೆಗೆ ಹರಿಯದಂತೆ ನೋಡಿಕೊಳ್ಳಿ.

ಬಿಳಿ ಪುಡಿಯಂಥ ಕಲೆ ಇದ್ದರೆ ಅದು ಸಿಮೆಂಟ್ ಆಗಿರಲಿಕ್ಕಿಲ್ಲ, ಇಟ್ಟಿಗೆಯೊಳಗಿನ ಉಪ್ಪು ಹೊರಬಂದಿರುತ್ತದೆ. ಒಣ ಬ್ರಷ್‌ನಿಂದ ಗುಡಿಸಿ. ತೊಳೆದರೆ ಸುಮ್ನೆ ಮತ್ತೆ ಒಳಗೆ ಇಳಿಯುತ್ತದೆ. ಹಾಸು ಪೂರ್ತಿ ಒಣಗಿದ ಮೇಲೆ, ಸಂದುಗಳಿಂದ ತೊಳೆದುಹೋದ ಮರಳಿನ ಬದಲಿಗೆ ಒಣ ಮರಳು ಗುಡಿಸಿ ತುಂಬಿ.