ಹ್ಯಾಕರ್ ಆಡುವಾಗ ಉಳಿದವರು ಆಕಳಿಸದಂತೆ ಆಡಿಸುವುದು ಹೇಗೆ?

ಮೇಜಿನ ಸುತ್ತ ಕೂತು ದಾಳ ಎಸೆದು, ಹೈಟೆಕ್ ಭವಿಷ್ಯದ ಪಾತ್ರಗಳಾಗಿ ಆಡುವ ಸೈಬರ್‌ಪಂಕ್ ಟೇಬಲ್‌ಟಾಪ್ ಆಟಗಳಿಗೆ ಒಂದು ಹಳೇ ರೋಗವಿದೆ. ಹ್ಯಾಕರ್ ಪಾತ್ರ ನೆಟ್ಟಿನೊಳಗೆ ಇಳಿದದ್ದೇ ತಡ, ಆಟ ಆ ಆಟಗಾರ ಮತ್ತು ಆಟ ನಡೆಸುವ ಜಿಎಂ ಇಬ್ಬರದ್ದಷ್ಟೇ ಆಗಿಬಿಡುತ್ತದೆ. ಉಳಿದವರು ಮೊಬೈಲ್ ತೆಗೆಯುತ್ತಾರೆ. 2020ರಲ್ಲಿ ಬಂದ ‘ಸೈಬರ್‌ಪಂಕ್ ರೆಡ್’ ಇದಕ್ಕೆ ಕೊಟ್ಟ ಮದ್ದು ಸರಳ: ನೆಟ್‌ರನ್ನರ್ (ಈ ಆಟದ ಹ್ಯಾಕರ್) ಮನೆಯಲ್ಲಿ ಕೂತು ಹ್ಯಾಕ್ ಮಾಡುವಂತಿಲ್ಲ, ನೆಟ್‌ಗೆ ಸೇರುವ ಆಕ್ಸೆಸ್ ಪಾಯಿಂಟ್‌ನಿಂದ 6 ಮೀಟರ್ ಒಳಗಿರಬೇಕು. ಅಂದರೆ ಗುಂಡು ಹಾರುವ ಜಾಗದಲ್ಲೇ.

ಮೊದಲ ಕೆಲಸ, ಆರ್ಕಿಟೆಕ್ಚರ್, ಅಂದರೆ ಹ್ಯಾಕ್ ಮಾಡಬೇಕಾದ ಜಾಲದ ನಕ್ಷೆ, ಕಟ್ಟುವುದು. ಇದು ಲಿಫ್ಟ್‌ನಂತೆ ಮೇಲಿಂದ ಕೆಳಕ್ಕೆ ಇಳಿಯುವ ಮಹಡಿಗಳ ಸಾಲು. 3ಡಿ6 (ಆರು ಮುಖದ ಮೂರು ದಾಳ) ಉರುಳಿಸಿ ಮಹಡಿಗಳ ಸಂಖ್ಯೆ ತೀರ್ಮಾನಿಸಬಹುದು, ಆದರೆ ಸರಾಸರಿ ಹತ್ತು ದಾಟುತ್ತದೆ. ಮೊದಲ ಸಲಕ್ಕೆ ಅದು ಅತಿಯಾಯಿತು. ಐದು ಸಾಕು. ಒಂದು ಗೋದಾಮು ಎಂದಿಟ್ಟುಕೊಳ್ಳಿ: ಒಂದರಲ್ಲಿ ಪಾಸ್‌ವರ್ಡ್ (ಡಿವಿ 6; ಡಿವಿ ಎಂದರೆ ದಾಳದಲ್ಲಿ ದಾಟಬೇಕಾದ ಅಂಕ), ಎರಡರಲ್ಲಿ ಕ್ಯಾಮೆರಾಗಳನ್ನು ಹಿಡಿತಕ್ಕೆ ತರುವ ಕಂಟ್ರೋಲ್ ನೋಡ್ (8), ಮೂರರಲ್ಲಿ ಹೆಲ್‌ಹೌಂಡ್ ಎಂಬ ಕಾವಲು ಪ್ರೋಗ್ರಾಂ (ಇಂಥವನ್ನು ಬ್ಲ್ಯಾಕ್ ಐಸ್ ಎನ್ನುತ್ತಾರೆ), ನಾಲ್ಕರಲ್ಲಿ ಛಾವಣಿಯ ಗನ್ ಟರೆಟ್ (8), ಐದರಲ್ಲಿ ಬೇಕಾದ ಫೈಲ್ (8). ಪ್ರತಿ ಮಹಡಿಗೊಂದು ಚೀಟಿ ಬರೆದು ಕವುಚಿ ಹಾಕಿ. ಮುಂದಿನ ಮಹಡಿಗಳನ್ನು ಇಣುಕುವ ‘ಪಾತ್‌ಫೈಂಡರ್’ ದಾಳದಲ್ಲಿ ಗೆದ್ದಷ್ಟು ಮಾತ್ರ ತಿರುಗಿಸಿ.

ಡಿವಿ ಇಡುವಾಗ ಲೆಕ್ಕ ಹಾಕಿಕೊಳ್ಳಿ. ಹೊಸ ನೆಟ್‌ರನ್ನರ್‌ನ ಇಂಟರ್‌ಫೇಸ್ (ಹ್ಯಾಕಿಂಗ್ ಕೌಶಲದ ಅಂಕ) ಸಾಮಾನ್ಯವಾಗಿ 4. ಅದಕ್ಕೆ 1ಡಿ10 ಕೂಡಿಸಿ ಡಿವಿಯನ್ನು ದಾಟಬೇಕು, ಸಮ ಬಂದರೆ ಸೋಲು. ಡಿವಿ 8 ಆದರೆ 5 ಅಥವಾ ಹೆಚ್ಚು ಬೀಳಬೇಕು, ಅಂದರೆ ಶೇ 60. ಡಿವಿ 12ಕ್ಕೆ ಶೇ 20 ಮಾತ್ರ. ‘ದೊಡ್ಡ ಕಂಪನಿ, ಭದ್ರವಾಗಿರಲಿ’ ಎಂದು ಎಲ್ಲ ಕಡೆ 12 ಹಾಕುವ ಜಿಎಂಗಳಿದ್ದಾರೆ. ಅಲ್ಲಿ ನಡೆಯುವುದು ಆಟವಲ್ಲ, ಬಾಗಿಲ ಮುಂದೆ ದಾಳ ಎಸೆಯುವ ಸೇವೆ.

ಇನ್ನು ಸರದಿ. ನೆಟ್‌ರನ್ನರ್‌ಗೆ ಬೇರೆ ಸರದಿ ಕೊಡಲೇಬೇಡಿ. ಎಲ್ಲರ ಇನಿಷಿಯೇಟಿವ್ (ಯಾರ ನಂತರ ಯಾರು ಎಂಬ) ಸಾಲಿನಲ್ಲೇ ನಿಲ್ಲಲಿ. ಇಂಟರ್‌ಫೇಸ್ 4 ಇದ್ದವರಿಗೆ ಒಂದು ಸರದಿಯಲ್ಲಿ ಮೂರು ನೆಟ್ ಆ್ಯಕ್ಷನ್. ಅವನ್ನು ಬಳಸಿದರೆ ಆ ಸರದಿಯಲ್ಲಿ ಗುಂಡು ಹಾರಿಸುವಂತಿಲ್ಲ, ನಡೆಯಬಹುದು ಅಷ್ಟೆ. ಜಾಕ್ ಇನ್ (ನೆಟ್‌ಗೆ ಇಳಿಯುವುದು), ಬ್ಯಾಕ್‌ಡೋರ್ (ಪಾಸ್‌ವರ್ಡ್ ಮುರಿಯುವುದು), ಕ್ಯಾಮೆರಾ ಕಂಟ್ರೋಲ್: ಮೂರೂ ಮುಗಿದವು, ಮುಂದಿನವರು ಆಡಲಿ. ಮಹಡಿ ಇಳಿಯಲು ಆ್ಯಕ್ಷನ್ ಖರ್ಚಿಲ್ಲ. ಆ ಮೂರನ್ನೂ ಆಟಗಾರ ತನ್ನ ಸರದಿ ಬರುವ ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ.

ನೋಡ್‌ಗಳನ್ನು ಉಳಿದ ಪಾತ್ರಗಳ ಕಷ್ಟಕ್ಕೆ ಗಂಟು ಹಾಕುವುದು ಎಲ್ಲಕ್ಕಿಂತ ಮುಖ್ಯ. ಬಾಗಿಲ ಬಳಿ ಇಬ್ಬರನ್ನು ಟರೆಟ್ ಕಟ್ಟಿಹಾಕಿದೆ ಎಂದಾಗ ನಾಲ್ಕನೇ ಮಹಡಿಗೆ ಅರ್ಥ ಬರುತ್ತದೆ. ಫೈಲ್ ಮಾತ್ರ ಇದ್ದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ.

ಆದರೆ ನಡುವೆ ಹೆಲ್‌ಹೌಂಡ್ ಇದೆಯಲ್ಲ. ಎದುರಾದ ಕೂಡಲೇ ಎರಡೂ ಕಡೆ ವೇಗದ ದಾಳ ಎಸೆಯಬೇಕು. ಅದರ ವೇಗ 6, ನಮ್ಮವನದು 4. ಸೋತರೆ ಆಗಲೇ ಕಚ್ಚುತ್ತದೆ. 2ಡಿ6 ಪೆಟ್ಟು ನೇರ ಮೆದುಳಿಗೆ, ಬುಲೆಟ್‌ಪ್ರೂಫ್ ಜಾಕೆಟ್ ಕೆಲಸಕ್ಕೆ ಬಾರದು. ಮೇಲಿಂದ ಡೆಕ್‌ಗೆ (ಹ್ಯಾಕಿಂಗ್ ಯಂತ್ರಕ್ಕೆ) ಬೆಂಕಿ ಹತ್ತುತ್ತದೆ, ಆರಿಸುವವರೆಗೆ ಪ್ರತಿ ಸರದಿಗೂ 2 ಪೆಟ್ಟು. ಆದ್ದರಿಂದ ಮೂರನೇ ಮಹಡಿಗೆ ಇಳಿಯುವ ಮೊದಲೇ ಒಂದು ಆ್ಯಕ್ಷನ್ ಕೊಟ್ಟು ‘ಆರ್ಮರ್’ ಪ್ರೋಗ್ರಾಂ ಚಾಲೂ ಮಾಡಿಕೊಳ್ಳಲಿ. ಮೆದುಳಿನ ಪೆಟ್ಟಿನಲ್ಲಿ 4 ಕಳೆಯುತ್ತದೆ. ಹೆಲ್‌ಹೌಂಡ್‌ನ ರೆಜ್ (ಪ್ರೋಗ್ರಾಂನ ಜೀವಾಂಕ) 20. ಬರೀ ‘ಜ್ಯಾಪ್’ನಿಂದ (1ಡಿ6) ಹೊಡೆಯುತ್ತ ಕೂತರೆ ಬೆಳಗಾದೀತು. ‘ಸ್ವೋರ್ಡ್’ (3ಡಿ6) ಸರಿಯಾಗಿ ಎರಡು ಸಲ ತಾಗಿದರೆ ಹೆಚ್ಚುಕಡಿಮೆ ಮುಗಿದಂತೆ. ಹೊಡೆದಾಟವೇ ಬೇಡವೆಂದರೆ ‘ಸ್ಲೈಡ್’ ಹೊಡೆದು ಜಾರಿಕೊಳ್ಳಬಹುದು, ಸರದಿಗೆ ಒಂದೇ ಸಲ.

ಕೊನೆಗೆ ಹೊರಬರುವುದು. ಜಾಕ್ ಔಟ್‌ಗೂ ಒಂದು ನೆಟ್ ಆ್ಯಕ್ಷನ್ ಬೇಕು. ಹೊಸಬರ ಟೇಬಲ್‌ನಲ್ಲಿ ಪ್ರತಿ ಸಲ ಆಗುವ ಎಡವಟ್ಟು ಇಲ್ಲೇ: ಗುಂಡಿನ ಸುರಿಮಳೆ ಕಂಡು ಸ್ನೇಹಿತ ಪಾತ್ರವೊಂದು ನೆಟ್‌ರನ್ನರ್‌ನನ್ನು ಕಾಲು ಹಿಡಿದು ಎಳೆದೊಯ್ಯುತ್ತದೆ. 6 ಮೀಟರ್ ದಾಟಿತೋ, ಎದುರಾಗಿಯೂ ಸಾಯದೆ ಉಳಿದ ಬ್ಲ್ಯಾಕ್ ಐಸ್‌ಗಳೆಲ್ಲ ಒಟ್ಟಿಗೆ ಬಡಿಯುತ್ತವೆ. ಸ್ಲೈಡ್ ಮಾಡಿ ತಪ್ಪಿಸಿಕೊಂಡ ಹೆಲ್‌ಹೌಂಡ್ ಕೂಡ ಆ ಲೆಕ್ಕದಲ್ಲೇ ಬರುತ್ತದೆ. ಈ ನಿಯಮವನ್ನು ಆಟ ಶುರುವಾಗುವ ಮೊದಲೇ ಎಲ್ಲರಿಗೂ ಜೋರಾಗಿ ಓದಿ ಹೇಳಿ, ನೆಟ್‌ರನ್ನರ್‌ಗೆ ಮಾತ್ರವಲ್ಲ. ಎಳೆಯುವವರು ಬೇರೆಯವರು ತಾನೇ.