ಔಷಧಿ ಇದೆ ಅಂತ ಬರೆದೆವು, ಹೇಗೆ ಅಂತ ಬರೆಯಲಿಲ್ಲ

ನಮ್ಮ ಪಂಚಾಯ್ತಿ ಕಪಾಟಿನಲ್ಲಿ ಒಂದು ದಪ್ಪ ಫೈಲ್ ಇತ್ತು. ಮೇಲೆ ‘ಜನತಾ ಜೀವವೈವಿಧ್ಯ ದಾಖಲಾತಿ’ ಅಂತ ಬರೆದಿತ್ತು, ಅಂದರೆ ಊರಿನ ಗಿಡಮರ, ಪ್ರಾಣಿ, ಅವುಗಳ ಬಗ್ಗೆ ಜನರಿಗಿರೋ ತಿಳಿವಳಿಕೆಯ ಪಟ್ಟಿ. ತೆಗೆದು ನೋಡಿದರೆ ನಮ್ಮೂರಲ್ಲಿ ಉಪ್ಪಾಗೆ, ವಾಟೆಹುಳಿ ಬೆಳೆಯುತ್ತವಂತೆ! ಚಳ್ಳಕೆರೆ ತಾಲ್ಲೂಕಿನ ಬಯಲಲ್ಲಿ, ವರ್ಷಕ್ಕೆ ನಾಲ್ಕು ಮಳೆ ಸರಿಯಾಗಿ ಬಿದ್ದರೆ ಪುಣ್ಯ ಅನ್ನೋ ಕಡೆ. ಯಾರೋ ಮಲೆನಾಡಿನ ಪಟ್ಟಿ ತಂದು ಊರಿನ ಹೆಸರು ಮಾತ್ರ ಬದಲಾಯಿಸಿದ್ದರು.

ಇದು ಹೇಗಾಯಿತು ಅಂತ ಆಮೇಲೆ ಗೊತ್ತಾಯಿತು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಗೂ ಒಂದು ಸಮಿತಿ ಇರಬೇಕು, ಅದು ಊರಿನವರ ಜೊತೆ ಕೂತು ಈ ದಾಖಲಾತಿ ಮಾಡಬೇಕು. ಎಷ್ಟೋ ವರ್ಷ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಪರಿಸರದ ಮೊಕದ್ದಮೆ ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರೊಳಗೆ ಮುಗಿಸಿ, ಇಲ್ಲದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ಕಟ್ಟಬೇಕು ಅಂದಾಗ ಎಲ್ಲರೂ ಓಡಿದರು. ಓಡಿದ ಕೆಲಸ ಹೇಗಿರುತ್ತೆ ಅಂತ ಗೊತ್ತಲ್ವಾ.

ನಾನು ದನ ಸಾಕುವ ಮ್ಯಾಸಬೇಡರ ಹಟ್ಟಿಯವನು, ಶಾಲೆಯಲ್ಲಿ ಅತಿಥಿ ಶಿಕ್ಷಕ. ಇಬ್ಬರು ಗೆಳೆಯರನ್ನು ಕೂಡಿಸಿಕೊಂಡು ನಾವೇ ಮತ್ತೆ ಬರೆಯೋಣ ಅಂತ ಹೊರಟೆ. ಮೊದಲು ಹೋಗಿದ್ದು ನಮ್ಮ ಕಿಲಾರಿ ತಾತನ ಹತ್ತಿರ. ಹೊರಗಿನವರಿಗೆ ಹೇಳಬೇಕು: ನಮ್ಮಲ್ಲಿ ದೇವರ ಎತ್ತುಗಳಿವೆ, ಅವಕ್ಕೆ ನೊಗ ಹೂಡಲ್ಲ, ಸತ್ತರೆ ಮಣ್ಣು ಮಾಡುತ್ತೇವೆ. ಅವನ್ನು ಮೇಯಿಸುವವನು ಕಿಲಾರಿ. ಬೇಸಿಗೆಯಲ್ಲಿ ಹಟ್ಟಿಯವರಿಗೇ ನೀರಿಲ್ಲದಿದ್ದರೂ ಅವುಗಳ ದಾರಿ ಅವನು ಹುಡುಕಲೇಬೇಕು.

ನಾನು ಮೊದಲ ದಿನವೇ ತಪ್ಪು ಮಾಡಿದೆ. ಅಚ್ಚು ಹಾಕಿಸಿದ ಫಾರಂ, ಪೆನ್ನು, ಮೊಬೈಲ್ ರೆಕಾರ್ಡಿಂಗ್ ಎಲ್ಲ ತಗೊಂಡು ಎದುರಿಗೆ ಕೂತೆ. ತಾತ ಫಾರಂ ನೋಡಿ, ‘ಇದೇನಪ್ಪಾ, ಮನೆಗಣತಿನಾ?’ ಅಂದ. ಆಮೇಲೆ ಕೇಳಿದ್ದಕ್ಕೆಲ್ಲ ಹೂಂ, ಉಹೂಂ ಅಷ್ಟೇ. ಒಂದು ವಾರ ಬಿಟ್ಟು ಫಾರಂ ಮನೆಯಲ್ಲಿಟ್ಟು ಸುಮ್ನೆ ದನಗಳ ಹಿಂದೆ ನಡೆದೆ. ನಡೆಯುತ್ತಾ ತಾತ ತಾನಾಗೇ ಮಾತಾಡಿದ. ಕರಡ, ಹಂಚಿ, ಗರಿಕೆ ಅಂತ ನನಗೆ ಗೊತ್ತಿದ್ದ ಹೆಸರು ನಾಲ್ಕೈದು, ಅವನಿಗೆ ಅದೇ ಹುಲ್ಲು ಎಳೆಯದಾಗಿದ್ದಾಗ ಒಂದು, ತೆನೆ ಬಂದಾಗ ಒಂದು, ಒಣಗಿದ ಮೇಲೆ ಇನ್ನೊಂದು, ಯಾವುದನ್ನು ದನ ಮೊದಲು ಬಾಯಿ ಹಾಕುತ್ತೆ, ಯಾವುದನ್ನು ಹಸಿವು ಜಾಸ್ತಿಯಾದಾಗ ಮಾತ್ರ ಮುಟ್ಟುತ್ತೆ ಅಂತ ಲೆಕ್ಕವೇ ಬೇರೆ. ಒಂದು ಕಡೆ ನಿಂತು ಬಳ್ಳಾರಿ ಜಾಲಿ ತೋರಿಸಿ, ‘ಇಲ್ಲಿದ್ದ ಹುಲ್ಲಿನ ಹೆಸರು ನಿನಗ್ಯಾಕೆ, ಈಗ ಎಲ್ಲಿದೆ ಅದು’ ಅಂದ. ಅದನ್ನೂ ಬರೆದುಕೊಂಡೆ.

ಬಿಕ್ಕಟ್ಟು ಬಂದದ್ದು ಔಷಧಿ ವಿಷಯಕ್ಕೆ. ಮೂಳೆ ಮುರಿದರೆ ಮಂಗರವಳ್ಳಿ ಕಟ್ಟೋದು ಊರಿಗೆಲ್ಲ ಗೊತ್ತು, ಬರೆದರೆ ತಕರಾರಿಲ್ಲ. ಆದರೆ ದನಗಳಿಗೆ ಬರೋ ಚಪ್ಪೆ ರೋಗಕ್ಕೆ ತಾತ ಕೊಡುವ ಬೇರಿನ ಮದ್ದು ಅವರ ಮನೆಯಲ್ಲೇ ಬಂದದ್ದು. ಅದನ್ನು ಬರೆಯೋದಾ ಬೇಡವಾ?

ಹಟ್ಟಿ ಸೇರಿಸಿ ಅರಿಶಿನದ ಕತೆ ಹೇಳಿದೆ. 1995ರಲ್ಲಿ ಅಮೆರಿಕದಲ್ಲಿ ಗಾಯಕ್ಕೆ ಅರಿಶಿನ ಹಚ್ಚುವುದಕ್ಕೇ ಪೇಟೆಂಟ್ ಕೊಟ್ಟಿದ್ದರು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೇ ಗ್ರಂಥ, ಲೇಖನಗಳನ್ನು ಮುಂದಿಟ್ಟು 1997ರಲ್ಲಿ ಅದನ್ನು ರದ್ದು ಮಾಡಿಸಿತು. ಅಂದರೆ ಬರೆದಿದ್ದರಿಂದ ಉಳಿಯಿತು. ಅಷ್ಟರಲ್ಲಿ ಹಿಂದೆ ಕೂತಿದ್ದ ಒಬ್ಬ ಚಿಕ್ಕಮ್ಮ, ‘ನಮ್ಮದನ್ನ ಬರೆದು ಪಂಚಾಯ್ತಿಯಲ್ಲಿಟ್ಟರೆ, ಓದಿಕೊಂಡು ಹೋಗೋನನ್ನ ಯಾರು ತಡೀತಾರೆ?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡೂ ನಿಜ.

ಕೊನೆಗೆ ನಾವು ಮಾಡಿದ್ದು ಹೀಗೆ. ಎಲ್ಲರಿಗೂ ಗೊತ್ತಿರೋದನ್ನು ಪೂರ್ತಿ ಬರೆದೆವು. ಮನೆತನದ ಮದ್ದಿಗೆ ಯಾವ ರೋಗಕ್ಕೆ, ಯಾರ ಮನೆಯಲ್ಲಿದೆ ಅಂತ ಮಾತ್ರ ಬರೆದು, ಗಿಡ, ಭಾಗ, ಅಳತೆ ಬಿಟ್ಟೆವು. ಆ ಜಾಗದಲ್ಲಿ ‘ಹೇಳಲು ಒಪ್ಪಿಲ್ಲ, ಬೇಕಾದವರು ಹಟ್ಟಿಯನ್ನು ಕೇಳಬೇಕು’ ಅಂತ ಒಂದೇ ಸಾಲು. ರೆಕಾರ್ಡಿಂಗ್ ಪೆನ್‌ಡ್ರೈವ್ ತಾತನ ಮೊಮ್ಮಗಳ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ. ಬರೆದ ಪ್ರತಿ ಪುಟವನ್ನೂ ಹಟ್ಟಿಯಲ್ಲಿ ಗಟ್ಟಿಯಾಗಿ ಓದಿದೆವು, ಬೇಡ ಅಂದದ್ದನ್ನು ಅಲ್ಲೇ ಹೊಡೆದು ಹಾಕಿದೆವು. ಮೂರು ಸಂಜೆ ಹಿಡಿಯಿತು. ಈ ಓದಿನ ಕೆಲಸ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ ಅಂತ ನನ್ನ ಲೆಕ್ಕ.

ಕಾವಲಿನ, ಅಂದರೆ ದನ ಮೇಯೋ ಹುಲ್ಲುಗಾವಲಿನ ನಕ್ಷೆಯನ್ನೂ ಸೇರಿಸಿದೆವು: ದನ ಹೋಗೋ ದಾರಿ, ಕಟ್ಟೆ, ದನ ಕೂಡೋ ಗೂಡು ಹಾಕೋ ಜಾಗ. ದೊಡ್ಡ ಉಳ್ಳಾರ್ತಿ, ಖುದಾಪುರ ಕಡೆಯ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10 ಸಾವಿರ ಎಕರೆ ಬೇರೆ ಬೇರೆ ಯೋಜನೆಗಳಿಗೆ ಹೋಯಿತು. ಎಷ್ಟೋ ಜನಕ್ಕೆ ಅದು ತಿಳಿದದ್ದು ಗೋಡೆ ಎದ್ದ ಮೇಲೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಮೇಯಿಸುವ ಹಕ್ಕೂ ಇದೆ, ಸಮುದಾಯದ ಜ್ಞಾನದ ಮೇಲಿನ ಹಕ್ಕೂ ಇದೆ. ಹಿರಿಯರ ಹೇಳಿಕೆಯನ್ನು ಬರೆದುಕೊಟ್ಟರೆ ಸಾಕ್ಷಿ ಅಂತ ಅದರ ನಿಯಮವೇ ಹೇಳುತ್ತೆ. ಅದಕ್ಕೇ ತಾತನ ಹೇಳಿಕೆಯ ಕೆಳಗೆ ತಾರೀಕು, ಹೆಬ್ಬೆಟ್ಟು ಎರಡೂ ಹಾಕಿಸಿದ್ದೇವೆ.

ಹಳೇ ಫೈಲ್ ತೆಗೆಸೋಕೆ ಪಂಚಾಯ್ತಿಯಲ್ಲಿ ಇನ್ನೂ ಓಡಾಡುತ್ತಿದ್ದೇನೆ. ಹುಲ್ಲಿನ ಪಟ್ಟಿಯೂ ಅರ್ಧ ಬಾಕಿ. ತೆನೆ ಬರದೆ ಹುಲ್ಲು ಗುರುತು ಸಿಗಲ್ಲ, ಸ್ವಾತಿ ಮಳೆ ಆದ ಮೇಲೆ ಬಾ ಅಂತ ತಾತ ಹೇಳಿದ್ದಾನೆ, ಫಾರಂ ತರಬೇಡ ಅಂತಲೂ.